ಮಷೀನ್, ಸಪೋರ್ಟ್, ಸಾಫ್ಟ್‌ವೇರ್: ಡೆಲ್ ತಗೊಳ್ಳೋ ಮುಂಚೆ ನಿಮ್ಮ ಅನುಭವ ಹೇಳ್ತೀರಾ?

ಅನುವಾದಕಿ:
ಎಲ್ಲರಿಗೂ ನಮಸ್ಕಾರ. ನಾನು ದಿನವಿಡೀ ಅನುವಾದದ ಕೆಲಸ ಮಾಡುವವಳು. ಬೆಳಿಗ್ಗೆ ಕೂತರೆ ಸಂಜೆವರೆಗೂ ಕೀಬೋರ್ಡ್ ಮುಂದೆಯೇ. ಈಗಿರುವ ಲ್ಯಾಪ್‌ಟಾಪಿಗೆ ಐದು ವರ್ಷ ಆಯಿತು. ಯಾವ ಕಂಪನಿ ಅಂತ ಬೇಡ, ಹೆಸರು ಕೆಡಿಸಲು ಬಂದಿಲ್ಲ. ಆರು ತಿಂಗಳಿಂದ ಅದು ವಿಪರೀತ ನಿಧಾನ ಆಗಿದೆ. ಅಕ್ಷರ ಒತ್ತಿದರೆ ತೆರೆ ಮೇಲೆ ಮೂಡುವ ಹೊತ್ತಿಗೆ ಮುಂದಿನ ಪದ ಮನಸ್ಸಿನಿಂದ ಜಾರಿ ಹೋಗಿರುತ್ತದೆ.

ಸಪೋರ್ಟಿಗೆ ನಾಲ್ಕು ಸಲ ಫೋನ್ ಮಾಡಿದೆ. ನಾಲ್ಕು ಸಲವೂ ಬೇರೆ ಬೇರೆಯವರು ಸಿಕ್ಕರು. ಪ್ರತಿ ಸಲ ಮೊದಲಿನಿಂದ ಕಥೆ ಹೇಳಬೇಕು. ಎರಡು ಸಲ ವಿಂಡೋಸ್ ಪೂರ್ತಿ ಅಳಿಸಿ ಮತ್ತೆ ಹಾಕಿಸಿದರು. ಫೈಲುಗಳನ್ನು ಎತ್ತಿಟ್ಟು, ಫಾಂಟು, ಕೀಬೋರ್ಡ್ ಲೇಔಟು, ನಿಘಂಟು ಎಲ್ಲ ಮತ್ತೆ ಕೂರಿಸಲು ಎರಡೆರಡು ದಿನ ಹೋಯಿತು. ನಿಧಾನ ಮಾತ್ರ ಹಾಗೇ ಇದೆ. ಕೊನೆಗೆ, "ಮಷೀನ್ ಹಳೇದಾಯ್ತು ಮೇಡಂ, ಹೊಸದು ನೋಡಿ" ಅಂದರು. ಐದು ವರ್ಷಕ್ಕೇ ಹಳೇದಾ?

ಸರಿ, ಹೊಸದು ನೋಡೋಣ ಅಂತ ಡೆಲ್ ಬಗ್ಗೆ ಓದುತ್ತಿದ್ದೇನೆ. ಬಳಸಿದವರು ಹೇಳಿ. ಮಷೀನ್ ಹೇಗೆ, ಕೆಟ್ಟರೆ ಯಾರು ಕೇಳುತ್ತಾರೆ, ಜೊತೆಗೆ ತುಂಬಿ ಕೊಡುವ ಸಾಫ್ಟ್‌ವೇರ್ ಏನು. ಈ ಮೂರನೆಯದರ ಬಗ್ಗೆ ಯಾರೂ ಬರೆಯುವುದೇ ಇಲ್ಲ. ರಿವ್ಯೂ ಎಲ್ಲ ತೆರೆ, ತೂಕ, ಬ್ಯಾಟರಿ ಅಂತಲೇ ಮುಗಿಯುತ್ತವೆ.

ಆಫೀಸ್_ಐಟಿ:
ನಾನು ಆಫೀಸಿನ ಇನ್ನೂರು ಚಿಲ್ಲರೆ ಲ್ಯಾಪ್‌ಟಾಪ್ ನೋಡಿಕೊಳ್ಳುತ್ತೇನೆ. ಮೊದಲು ಒಂದು ಮಾತು. "ಡೆಲ್ ಹೇಗೆ" ಅಂತ ಕೇಳಿದರೆ ಉತ್ತರ ಸಿಗಲ್ಲ. ಯಾವ ಸಾಲಿನ ಡೆಲ್ ಅಂತ ಕೇಳಬೇಕು. ಇನ್‌ಸ್ಪಿರಾನ್ ಮನೆ ಬಳಕೆಗೆ, ಲ್ಯಾಟಿಟ್ಯೂಡ್ ಆಫೀಸಿಗೆ, ಪ್ರಿಸಿಷನ್ ಭಾರೀ ಕೆಲಸಕ್ಕೆ, ಎಕ್ಸ್‌ಪಿಎಸ್ ದುಬಾರಿ ತೆಳು ಮಷೀನ್. ವರ್ಷಗಟ್ಟಲೆ ಜನ ಹೀಗೇ ಗುರುತು ಹಿಡಿಯುತ್ತಿದ್ದರು. 2025ರ ಜನವರಿಯಲ್ಲಿ ಅವರೇ ಅದನ್ನೆಲ್ಲ ಬದಿಗಿಟ್ಟು ಡೆಲ್, ಡೆಲ್ ಪ್ರೊ, ಡೆಲ್ ಪ್ರೊ ಮ್ಯಾಕ್ಸ್ ಅಂತ ಮಾಡಿದರು. ಅದರೊಳಗೆ ಮತ್ತೆ ಪ್ಲಸ್, ಪ್ರೀಮಿಯಂ. ಕೊಳ್ಳುವವರಿಗೆ ಗೊಂದಲ ಆಗದೆ ಇರುತ್ತಾ? ಒಂದೇ ವರ್ಷ. 2026ರ ಜನವರಿಯಲ್ಲಿ ಎಕ್ಸ್‌ಪಿಎಸ್ ಹೆಸರು ವಾಪಸ್ ಬಂತು.

ಸಪೋರ್ಟ್ ಕೂಡ ಮಷೀನಿನ ಜೊತೆ ತಾನಾಗಿ ಬರುವುದಲ್ಲ. ಅದನ್ನು ಬೇರೆಯಾಗಿ ಕೊಳ್ಳುತ್ತೀರಿ. ಅದೇ ಲ್ಯಾಪ್‌ಟಾಪ್, ಒಬ್ಬರಿಗೆ ಮರುದಿನವೇ ಮನೆಗೆ ಬಂದು ರಿಪೇರಿ ಮಾಡುತ್ತಾರೆ, ಇನ್ನೊಬ್ಬರು ಪೆಟ್ಟಿಗೆಗೆ ಹಾಕಿ ಕಳಿಸಿ ವಾರಗಟ್ಟಲೆ ಕಾಯುತ್ತಾರೆ. ಇಬ್ಬರೂ ನಿಜವನ್ನೇ ಬರೆದಿರುತ್ತಾರೆ. ವಾರಂಟಿ ಕಾಗದ ಬೇರೆ, ಅಷ್ಟೇ.

ಡೆಲ್‌ನಲ್ಲಿ ನನಗೆ ನಿಜವಾಗಿ ಇಷ್ಟ ಆದದ್ದು ಸರ್ವಿಸ್ ಟ್ಯಾಗ್. ಮಷೀನಿನ ತಳದಲ್ಲಿ ಏಳು ಅಕ್ಷರ. ಅದನ್ನು ಅವರ ಸೈಟಿನಲ್ಲಿ ಹಾಕಿದರೆ ಆ ಮಷೀನ್ ಯಾವ ಭಾಗಗಳೊಂದಿಗೆ ಹೊರಟಿತ್ತು, ವಾರಂಟಿ ಯಾವತ್ತಿಗೆ ಮುಗಿಯುತ್ತದೆ, ಯಾವ ಡ್ರೈವರ್ (ಭಾಗಗಳನ್ನು ನಡೆಸುವ ತಂತ್ರಾಂಶ) ಬೇಕು, ಎಲ್ಲ ಸಿಗುತ್ತದೆ. ಪಕ್ಕದಲ್ಲಿ ಎಕ್ಸ್‌ಪ್ರೆಸ್ ಸರ್ವಿಸ್ ಕೋಡ್ ಅಂತ ಉದ್ದ ಸಂಖ್ಯೆ ಇರುತ್ತೆ ನೋಡಿ, ಅದು ಬೇರೆ ಏನೂ ಅಲ್ಲ. ಅದೇ ಏಳು ಅಕ್ಷರ. 0ಯಿಂದ 9 ಮತ್ತು ಎ ಇಂದ ಝಡ್, ಒಟ್ಟು 36 ಚಿಹ್ನೆಗಳ ಲೆಕ್ಕವನ್ನು ಮಾಮೂಲಿ ಹತ್ತರ ಲೆಕ್ಕಕ್ಕೆ ತಂದಿದ್ದಾರೆ. ಫೋನಿನಲ್ಲಿ ಅಕ್ಷರ ಒತ್ತಲು ಕಷ್ಟ, ಅಂಕಿ ಒತ್ತಬಹುದು ಅಂತ. ಕರೆ ಮಾಡುವವರ ಕಷ್ಟವನ್ನು ಯಾರೋ ಕೂತು ಯೋಚಿಸಿದ್ದಾರೆ.

ಪೆಂಗ್ವಿನ್_ಗೆಳೆಯ:
ಸಾಫ್ಟ್‌ವೇರ್ ಬಗ್ಗೆ ಕೇಳಿದ್ದೀರಿ, ಖುಷಿಯಾಯಿತು. ಡೆಲ್ ವಿಷಯದಲ್ಲಿ ಎಲ್ಲರೂ ತಿಳಿಯಬೇಕಾದ ಒಂದು ಹಳೇ ಘಟನೆ ಇದೆ.

2007ರ ಫೆಬ್ರವರಿಯಲ್ಲಿ ಡೆಲ್ ಐಡಿಯಾಸ್ಟಾರ್ಮ್ ಅನ್ನುವ ಸೈಟ್ ತೆರೆಯಿತು. ಗ್ರಾಹಕರು ಸಲಹೆ ಬರೆಯುವುದು, ಉಳಿದವರು ಅದಕ್ಕೆ ವೋಟು ಹಾಕುವುದು. ಅದಕ್ಕೆ ಎರಡು ವರ್ಷ ಮುಂಚೆ, 2005ರಲ್ಲಿ, ಜೆಫ್ ಜಾರ್ವಿಸ್ ಅನ್ನುವ ಅಮೆರಿಕದ ಪತ್ರಕರ್ತ ತನ್ನ ಡೆಲ್ ಲ್ಯಾಪ್‌ಟಾಪಿನ ಪಾಡನ್ನು "ಡೆಲ್ ಹೆಲ್" ಅಂತ ಬ್ಲಾಗಿನಲ್ಲಿ ಬರೆದು ದೊಡ್ಡ ಸುದ್ದಿ ಆಗಿತ್ತು. 2006ರಲ್ಲಿ ಬೆಂಕಿ ಹತ್ತುವ ಭಯದಿಂದ ಸೋನಿ ತಯಾರಿಸಿದ 41 ಲಕ್ಷ ಬ್ಯಾಟರಿಗಳನ್ನು ಡೆಲ್ ವಾಪಸ್ ಕರೆಸಿಕೊಂಡಿತ್ತು. ಜನರ ನಂಬಿಕೆ ತಳ ಕಂಡಿದ್ದ ಕಾಲ ಅದು.

ಸೈಟ್ ತೆರೆದ ಕೆಲವೇ ದಿನಕ್ಕೆ ವಿಂಡೋಸ್ ಬದಲು ಲಿನಕ್ಸ್ (ಯಾರು ಬೇಕಾದರೂ ಬಿಟ್ಟಿಯಾಗಿ ಬಳಸಬಹುದಾದ ಆಪರೇಟಿಂಗ್ ಸಿಸ್ಟಂ) ಹಾಕಿ ಕೊಡಿ ಅನ್ನುವ ಬೇಡಿಕೆ ಪಟ್ಟಿಯ ತುದಿಗೆ ಹೋಯಿತು. ಬೇಡದ ಟ್ರಯಲ್ ಸಾಫ್ಟ್‌ವೇರ್ ತುಂಬಬೇಡಿ ಅನ್ನುವುದೂ ಮೇಲೆಯೇ ಇತ್ತು. ಯಾವ ಲಿನಕ್ಸ್, ಯಾವ ಮಷೀನಿಗೆ ಅಂತ ಡೆಲ್ ಸಮೀಕ್ಷೆ ಮಾಡಿತು. ಒಂದು ಲಕ್ಷಕ್ಕೂ ಜಾಸ್ತಿ ಜನ ಉತ್ತರ ಕೊಟ್ಟರು. ಅದೇ ಮೇ ತಿಂಗಳಲ್ಲಿ ಎರಡು ಡೆಸ್ಕ್‌ಟಾಪ್, ಒಂದು ಲ್ಯಾಪ್‌ಟಾಪ್ ಉಬುಂಟು 7.04 (ಲಿನಕ್ಸಿನ ಒಂದು ಬಗೆ) ಜೊತೆ ಅಮೆರಿಕದಲ್ಲಿ ಮಾರಾಟಕ್ಕೆ ಬಂದವು. ಫೆಬ್ರವರಿಯಿಂದ ಮೇ! ದೊಡ್ಡ ಕಂಪನಿ ಮೂರು ತಿಂಗಳಲ್ಲಿ ಒಂದು ಮಾತು ನಡೆಸಿಕೊಟ್ಟಿತು. ಅದೇ ಏಪ್ರಿಲ್‌ನಲ್ಲಿ, ಆಗಿನ ಹೊಸ ವಿಂಡೋಸ್ ವಿಸ್ಟಾ ಬೇಡ, ಹಳೇ ಎಕ್ಸ್‌ಪಿಯೇ ಕೊಡಿ ಅಂದವರಿಗೆ ಕೆಲವು ಮಾದರಿಗಳಲ್ಲಿ ಎಕ್ಸ್‌ಪಿಯನ್ನೂ ವಾಪಸ್ ತಂದರು.

ಮುಂದೆ 2012ರಲ್ಲಿ ಪ್ರಾಜೆಕ್ಟ್ ಸ್ಪುಟ್ನಿಕ್ ಬಂತು. ಎಕ್ಸ್‌ಪಿಎಸ್ 13 ಮೇಲೆ ಉಬುಂಟು ಹಾಕಿ, ವೈಫೈ, ಟಚ್‌ಪ್ಯಾಡ್, ನಿದ್ರೆಗೆ ಹೋಗಿ ಏಳುವುದು ಎಲ್ಲ ಸರಿಯಾಗಿ ನಡೆಯುವ ಹಾಗೆ ಮಾಡಿ ಮಾರಿದರು. ಇದನ್ನು ನಾನು ಚಿಕ್ಕ ವಿಷಯ ಅಂತ ಒಪ್ಪುವುದಿಲ್ಲ. ಅಲ್ಲಿವರೆಗೆ ಲಿನಕ್ಸ್ ಬಳಸುವವರು ಲ್ಯಾಪ್‌ಟಾಪ್ ಕೊಂಡು, ವೈಫೈ ಚಿಪ್ ಯಾವುದೋ ಏನೋ ಅಂತ ದೇವರ ಮೇಲೆ ಭಾರ ಹಾಕುತ್ತಿದ್ದೆವು. ಕಂಪನಿಯೇ "ಇದು ನಡೆಯುತ್ತೆ, ಕೆಟ್ಟರೆ ನಾವು ನೋಡ್ತೀವಿ" ಅಂದದ್ದು ದೊಡ್ಡ ಮಾತು. ಈಗಲೂ ನನ್ನ ಡೆಲ್‌ಗೆ ಬಯಾಸ್ (ಆನ್ ಮಾಡಿದ ಕೂಡಲೇ ಮೊದಲು ಓಡುವ ಒಳ ತಂತ್ರಾಂಶ) ಅಪ್‌ಡೇಟ್ ಲಿನಕ್ಸ್ ಒಳಗಿಂದಲೇ ಬರುತ್ತದೆ, ಎಫ್‌ಡಬ್ಲ್ಯೂಯುಪಿಡಿ ಅನ್ನುವ ಉಪಕರಣದ ಮೂಲಕ. ಆ ಕೆಲಸಕ್ಕೆ ಮೊದಮೊದಲು ಕೈಜೋಡಿಸಿದ ಕಂಪನಿಗಳಲ್ಲಿ ಡೆಲ್ ಒಂದು.

ಕಾಲೇಜ್_ಹುಡುಗ:
ಅಣ್ಣ, ಆದರೆ ಲಿನಕ್ಸ್ ಇರುವ ಮಾದರಿ ಹುಡುಕುವುದೇ ಕಷ್ಟ ಅಲ್ವಾ? ಸೈಟಿನಲ್ಲಿ ಎಷ್ಟು ಕ್ಲಿಕ್ ಮಾಡಿದರೂ ವಿಂಡೋಸ್ ಇರುವುದೇ ಮೊದಲು ಬರುತ್ತದೆ.

ಪೆಂಗ್ವಿನ್_ಗೆಳೆಯ:
ನಿಜ ತಮ್ಮ. ನನಗೂ ಅದೇ ಬೇಜಾರು. ಮಾಡುತ್ತಾರೆ, ಆದರೆ ಕಣ್ಣಿಗೆ ಬೀಳುವ ಹಾಗೆ ಇಡಲ್ಲ. ಕಣ್ಣಿಗೆ ಬೀಳದೆ ಇದ್ದರೆ ಮಾರಾಟ ಆಗಲ್ಲ. ಮಾರಾಟ ಆಗದೆ ಇದ್ದರೆ ಬೇಡಿಕೆ ಇಲ್ಲ ಅನ್ನುತ್ತಾರೆ.

ಗುಪ್ತಪದ:
ಪೆಂಗ್ವಿನ್ ಅವರ ಪ್ರೀತಿ ಅರ್ಥ ಆಗುತ್ತದೆ. ಆದರೆ ಇನ್ನೊಂದು ಮುಖವನ್ನೂ ಹೇಳಬೇಕು. ಕಂಪ್ಯೂಟರ್ ಸುರಕ್ಷತೆ ನನ್ನ ಹೊಟ್ಟೆಪಾಡು. ಮಷೀನ್ ಕಂಪನಿಗಳು ಸೇರಿಸುವ ಸಾಫ್ಟ್‌ವೇರ್ ವಿಷಯದಲ್ಲಿ ನನಗೆ ಇವತ್ತಿಗೂ ಸಿಟ್ಟಿದೆ.

ಮೊದಲು ಲೆನೊವೊ. 2014ರ ಸೆಪ್ಟೆಂಬರ್‌ನಿಂದ ಕೆಲವು ತಿಂಗಳು ಮಾರಿದ ಲ್ಯಾಪ್‌ಟಾಪ್‌ಗಳಲ್ಲಿ ಸೂಪರ್‌ಫಿಶ್ ಅನ್ನುವ ಜಾಹೀರಾತು ತಂತ್ರಾಂಶ ಇತ್ತು. ಅದು ನೀವು ನೋಡುವ ಪುಟಗಳ ಒಳಗೆ ತನ್ನ ಜಾಹೀರಾತು ತೂರಿಸುತ್ತಿತ್ತು. ಬೀಗದ ಗುರುತಿರುವ ಸುರಕ್ಷಿತ ಪುಟದಲ್ಲೂ ತೂರಿಸಬೇಕಲ್ಲ, ಅದಕ್ಕೆ ಮಷೀನಿನಲ್ಲಿ ತನ್ನದೇ ರೂಟ್ ಸರ್ಟಿಫಿಕೇಟ್ (ಯಾವ ಸೈಟ್ ಅಸಲಿ ಅಂತ ಮಷೀನ್ ನಂಬಲು ಆಧಾರವಾಗುವ ಪತ್ರ) ಕೂರಿಸಿತ್ತು. ಆ ಸರ್ಟಿಫಿಕೇಟಿನ ಗುಟ್ಟಿನ ಕೀಲಿ ಎಲ್ಲ ಮಷೀನಿನಲ್ಲೂ ಒಂದೇ. ಒಂದು ಮಷೀನಿಂದ ಕೀಲಿ ತೆಗೆದವನು ಉಳಿದ ಎಲ್ಲರ ಮುಂದೆ ಬ್ಯಾಂಕಿನ ವೇಷ ಹಾಕಬಹುದು. ಒಂದೇ ಬೀಗದ ಕೈ ಊರಿಗೆಲ್ಲ ಹಂಚಿದ ಹಾಗೆ. 2015ರ ಫೆಬ್ರವರಿಯಲ್ಲಿ ಇದು ಬಯಲಾಗಿ ಲೆನೊವೊ ಕ್ಷಮೆ ಕೇಳಿತು. 2017ರಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಜೊತೆ ಒಪ್ಪಂದ ಆಯಿತು.

ಆಗ ಎಲ್ಲರೂ "ಡೆಲ್ ಆದರೆ ವಾಸಿ" ಅಂದರು. ಅದೇ 2015ರ ನವೆಂಬರ್‌ನಲ್ಲಿ ಡೆಲ್ ಮಷೀನುಗಳಲ್ಲಿ ಇಡೆಲ್‌ರೂಟ್ ಅನ್ನುವ ಸರ್ಟಿಫಿಕೇಟ್ ಸಿಕ್ಕಿತು. ಅದೇ ತಪ್ಪು. ಗುಟ್ಟಿನ ಕೀಲಿ ಮಷೀನಿನಲ್ಲೇ, ಎಲ್ಲದರಲ್ಲೂ ಒಂದೇ. ಇಲ್ಲಿ ಜಾಹೀರಾತಿನ ಆಸೆ ಇರಲಿಲ್ಲ. ಗ್ರಾಹಕರು ಸಪೋರ್ಟಿಗೆ ಬಂದಾಗ ಸರ್ವಿಸ್ ಟ್ಯಾಗ್ ತಾನಾಗಿ ಗೊತ್ತಾಗಲಿ ಅಂತ ಇಟ್ಟಿದ್ದರಂತೆ. ಅಂದರೆ ಆಫೀಸ್_ಐಟಿ ಹೊಗಳಿದ ಆ ಏಳು ಅಕ್ಷರಕ್ಕಾಗಿಯೇ! ಸರ್ಟಿಫಿಕೇಟನ್ನು ನೀವು ಅಳಿಸಿದರೆ ಪಕ್ಕದಲ್ಲೇ ಇದ್ದ ಇನ್ನೊಂದು ಫೈಲ್ ಅದನ್ನು ಮತ್ತೆ ತಂದು ಕೂರಿಸುತ್ತಿತ್ತು. ಡೆಲ್ ತಪ್ಪು ಒಪ್ಪಿಕೊಂಡಿತು, ಬೇಗ ತೆಗೆಯುವ ಸಾಧನ ಕೊಟ್ಟಿತು. ಅದನ್ನೂ ಹೇಳಬೇಕು, ಹೇಳುತ್ತಿದ್ದೇನೆ.

ಮತ್ತೆ 2021ರ ಮೇ. ಡೆಲ್‌ನ ಬಯಾಸ್ ಅಪ್‌ಡೇಟ್ ಜೊತೆ ಬರುತ್ತಿದ್ದ ಒಂದು ಡ್ರೈವರಿನಲ್ಲಿ ಐದು ದೋಷಗಳು ಸಿಕ್ಕವು. 2009ರಿಂದ ಅಲ್ಲೇ ಇದ್ದವು. ಹನ್ನೆರಡು ವರ್ಷ ಸರಿ ಮಾಡದೆ ಉಳಿದಿದ್ದವು.

ಕಂಪನಿಗೆ ಕೆಟ್ಟ ಮನಸ್ಸು ಇರಲೇಬೇಕು ಅಂತಿಲ್ಲ. ಸಹಾಯ ಮಾಡಲು ಇಟ್ಟ ಸಾಫ್ಟ್‌ವೇರೇ ಬಾಗಿಲು ತೆರೆದಿಡುತ್ತದೆ. ಅದಕ್ಕೇ ನಾನು ಕೇಳುವುದು ಒಂದೇ. ಏನೇನು ಹಾಕಿದ್ದೀರಿ, ಯಾಕೆ ಹಾಕಿದ್ದೀರಿ ಅಂತ ಪೆಟ್ಟಿಗೆಯ ಮೇಲೆ ಬರೆಯಿರಿ. ತಿಂಡಿ ಪೊಟ್ಟಣದ ಮೇಲೆ ಬರೆಯಲ್ವಾ, ಹಾಗೆ.

ಕಾಲೇಜ್_ಹುಡುಗ:
ಹಾಗಾದರೆ ಹೊಸ ಲ್ಯಾಪ್‌ಟಾಪ್ ಬಂದ ಕೂಡಲೇ ಎಲ್ಲ ತೆಗೆದು ಹಾಕಬೇಕಾ? ಡೆಲ್‌ನವರ ಸಹಾಯಕ ಸಾಫ್ಟ್‌ವೇರ್ ಸಪೋರ್ಟ್‌ಅಸಿಸ್ಟ್ ಕೂಡಾ?

ಗುಪ್ತಪದ:
ಕಣ್ಣು ಮುಚ್ಚಿ ಎಲ್ಲ ತೆಗೆಯಬೇಡಿ. ಟ್ರಯಲ್ ಆಂಟಿವೈರಸ್, ಆಟಗಳು, ಶಾಪಿಂಗ್ ಶಾರ್ಟ್‌ಕಟ್ ಮೊದಲು ಹೋಗಲಿ. ವಿಂಡೋಸ್ ಒಳಗೇ ಇರುವ ಡಿಫೆಂಡರ್ ಆಂಟಿವೈರಸ್ ಮಾಮೂಲಿ ಬಳಕೆಗೆ ಸಾಕು. ಬಯಾಸ್ ಅಪ್‌ಡೇಟ್ ತರುವ ಸಾಧನ ಒಂದು ಇರಲಿ. ಇಟ್ಟುಕೊಂಡ ಮೇಲೆ ಅದನ್ನು ಅಪ್‌ಡೇಟ್ ಮಾಡುತ್ತಿರಿ. ಅಪ್‌ಡೇಟ್ ಮಾಡದೆ ಬಿಟ್ಟ ಸಹಾಯಕ ಸಾಫ್ಟ್‌ವೇರ್ ಇಲ್ಲದೆ ಇರುವುದಕ್ಕಿಂತ ಕೆಟ್ಟದು. ಸಮಯ ಇದ್ದರೆ ಮೈಕ್ರೋಸಾಫ್ಟ್ ಕೊಡುವ ಶುದ್ಧ ವಿಂಡೋಸನ್ನೇ ಹೊಸದಾಗಿ ಹಾಕಿ. ಲೈಸೆನ್ಸ್ ಮಷೀನಿನ ಒಳಗೇ ಇರುತ್ತದೆ, ಕೀ ಟೈಪ್ ಮಾಡುವ ಕೆಲಸ ಇಲ್ಲ.

ಸ್ಕ್ರೂಡ್ರೈವರ್:
ಇಪ್ಪತ್ತು ವರ್ಷದಿಂದ ರಿಪೇರಿ ಮಾಡುತ್ತೇನೆ. ನಾನು ಕಂಪನಿಯನ್ನು ಅಳೆಯುವುದು ತಳದ ಮುಚ್ಚಳ ತೆಗೆದ ಮೇಲೆ.

ಡೆಲ್‌ನಲ್ಲಿ ನನಗೆ ಸಮಾಧಾನ ಕೊಡುವುದು ಸರ್ವಿಸ್ ಮ್ಯಾನ್ಯುಯಲ್. ಯಾವ ಸ್ಕ್ರೂ, ಎಷ್ಟು ಉದ್ದ, ಯಾವ ಕೇಬಲ್ ಮೊದಲು ಬಿಡಿಸಬೇಕು, ಎಲ್ಲ ಚಿತ್ರ ಸಮೇತ ಅವರ ಸೈಟಿನಲ್ಲಿ ಯಾರು ಬೇಕಾದರೂ ಓದಬಹುದು. ಲೆನೊವೊ ಥಿಂಕ್‌ಪ್ಯಾಡಿನದೂ ಹಾಗೆಯೇ. ಇದನ್ನು ಎಲ್ಲ ಕಂಪನಿ ಕೊಡಲ್ಲ. ಬೇಜಾರಾಗುವುದು ಬೆಸುಗೆ ಹಾಕಿದ ರ‍್ಯಾಮ್. ಎಕ್ಸ್‌ಪಿಎಸ್ 13 ಅಂಥವುಗಳಲ್ಲಿ ಕೊಳ್ಳುವ ದಿನ ಎಷ್ಟು ಇತ್ತೋ ಸಾಯುವ ತನಕ ಅಷ್ಟೇ. ಆದರೆ ಅದೇ ಕಂಪನಿಯ ಎಂಜಿನಿಯರುಗಳು 2022ರಲ್ಲಿ ಕ್ಯಾಮ್ ಅನ್ನುವ ಚಪ್ಪಟೆ ರ‍್ಯಾಮ್ ಪಟ್ಟಿ ತಂದರು. ತೆಳು ಮಷೀನಿನಲ್ಲೂ ಬಿಚ್ಚಿ ಬದಲಿಸಬಹುದು. ಮೊದಲು "ಇದೂ ಡೆಲ್‌ನವರ ಸ್ವಂತ ತಂತ್ರ, ನಮ್ಮನ್ನು ಕಟ್ಟಿಹಾಕಲು" ಅಂತ ಜನ ಬೈದರು. ಆಮೇಲೆ ಅದನ್ನು ಮೆಮೊರಿ ಮಾನದಂಡ ರೂಪಿಸುವ ಜೆಡೆಕ್ ಸಂಸ್ಥೆಗೆ ಒಪ್ಪಿಸಿದರು, 2023ರ ಕೊನೆಗೆ ಅದು ಎಲ್ಲರ ಮಾನದಂಡ ಆಯಿತು.

ಜನ ಹಾಗೆ ಅನುಮಾನ ಪಟ್ಟದ್ದಕ್ಕೆ ಕಾರಣ ಇತ್ತು. 1990ರ ದಶಕದ ಕೊನೆಯಲ್ಲಿ ಡೆಲ್ ಡೆಸ್ಕ್‌ಟಾಪ್‌ಗಳ ಪವರ್ ಸಪ್ಲೈ ಕನೆಕ್ಟರ್ ನೋಡಲು ಎಟಿಎಕ್ಸ್ ಅನ್ನುವ ಮಾಮೂಲಿ ಮಾನದಂಡದ ಥರವೇ. ಒಳಗಿನ ವೈರಿಂಗ್ ಮಾತ್ರ ಬೇರೆ. ಮಾಮೂಲಿ ಸಪ್ಲೈ ಚುಚ್ಚಿದವರ ಬೋರ್ಡ್ ಸುಟ್ಟು ಹೋಗುತ್ತಿತ್ತು. ಆ ಗಾಯ ಹಳೇ ರಿಪೇರಿಯವರಿಗೆ ಇನ್ನೂ ನೆನಪಿದೆ.

ಅನುವಾದಕಿ ಅವರೇ, ನಿಮ್ಮ ಹಳೇ ಮಷೀನ್ ಬಗ್ಗೆ ಒಂದು ಪ್ರಶ್ನೆ. ಆನ್ ಮಾಡಿದ ಕೂಡಲೇ, ವಿಂಡೋಸ್ ಬರುವ ಮುಂಚೆ, ಏನಾದರೂ ಸಂದೇಶ ಬರುತ್ತಾ? ಬ್ಯಾಟರಿ ಎಷ್ಟು ಹೊತ್ತು ಬರುತ್ತದೆ?

ಫೋನ್_ಕೂತಿದ್ದೆ:
ಸಪೋರ್ಟ್ ಬಗ್ಗೆ ಒಂದು ಮಾತು ಸೇರಿಸುತ್ತೇನೆ. ನಾನು ಮೂರು ವರ್ಷ ಒಂದು ಕಂಪನಿಯ ಸಪೋರ್ಟ್ ಫೋನಿನಲ್ಲಿ ಕೂತಿದ್ದವಳು. ಯಾವ ಕಂಪನಿ ಅನ್ನುವುದು ಬೇಡ.

ನಮ್ಮ ಮುಂದೆ ಒಂದು ಪಟ್ಟಿ ಇರುತ್ತಿತ್ತು. ಗ್ರಾಹಕರು "ನಿಧಾನ" ಅಂದರೆ ಪಟ್ಟಿಯ ಒಂದು ದಾರಿ ತೆರೆದುಕೊಳ್ಳುತ್ತದೆ. ಮೊದಲು ರೀಸ್ಟಾರ್ಟ್, ಆಮೇಲೆ ಅಪ್‌ಡೇಟ್, ಆಮೇಲೆ ವೈರಸ್ ಸ್ಕ್ಯಾನ್, ಕೊನೆಗೆ ರೀಇನ್‌ಸ್ಟಾಲ್. ಆ ದಾರಿ ಬಿಟ್ಟು ಈಚೆ ಬರಲು ನಮಗೆ ಅಧಿಕಾರ ಇರಲಿಲ್ಲ. ಎಷ್ಟು ನಿಮಿಷದಲ್ಲಿ ಕರೆ ಮುಗಿಸಿದೆ ಅನ್ನುವುದನ್ನು ದಿನವೂ ಎಣಿಸುತ್ತಿದ್ದರು. ಒಬ್ಬರು ವಯಸ್ಸಾದವರು ಫೋನ್ ಮಾಡಿದ್ದರು. ಅವರಿಗೆ ಕರ್ಸರ್ ಅಂದರೆ ಏನು ಅಂತ ಗೊತ್ತಿರಲಿಲ್ಲ. ನಲವತ್ತು ನಿಮಿಷ ಮಾತಾಡಿ ಅವರ ಪ್ರಿಂಟರ್ ಸರಿ ಮಾಡಿಕೊಟ್ಟೆ. ಅವತ್ತು ಅವರು ಹರಸಿದ್ದು ಇನ್ನೂ ಕಿವಿಯಲ್ಲಿದೆ. ಮರುದಿನ ಆ ನಲವತ್ತು ನಿಮಿಷಕ್ಕೆ ನನ್ನನ್ನು ಕರೆದು ಕೇಳಿದರು.

ಅದಕ್ಕೇ ದಯವಿಟ್ಟು ಫೋನಿನ ಆ ಕಡೆ ಇರುವವರನ್ನು ಬೈಯಬೇಡಿ. ಬದಲಿಗೆ ಹೀಗೆ ಮಾಡಿ. "ನಿಧಾನ" ಅನ್ನಬೇಡಿ. ತೆರೆಯ ಮೇಲೆ ಬಂದ ಸಂದೇಶವನ್ನು ಅಕ್ಷರಕ್ಕೆ ಅಕ್ಷರ ಓದಿ ಹೇಳಿ. ಸಂದೇಶ ಹೇಳಿದರೆ ಪಟ್ಟಿಯ ದಾರಿಯೇ ಬದಲಾಗುತ್ತದೆ. ಕೇಸ್ ನಂಬರ್ ಬರೆದಿಡಿ, ಮುಂದಿನ ಸಲ ಮೊದಲು ಅದನ್ನೇ ಹೇಳಿ, "ಹಿಂದಿನ ನೋಟ್ ಓದಿ" ಅನ್ನಿ. ಬರೆದಿರುತ್ತೇವೆ. ಓದಲು ಸಮಯ ಕೊಡಲ್ಲ, ಅಷ್ಟೇ. ನೀವು ಕೇಳಿದರೆ ಓದುತ್ತೇವೆ.

ಅನುವಾದಕಿ:
ಫೋನ್_ಕೂತಿದ್ದೆ ಅವರೇ, ನಿಮ್ಮ ಮಾತು ಓದಿ ಮನಸ್ಸಿಗೆ ಒಂಥರಾ ಆಯಿತು. ನಾನು ನಾಲ್ಕನೆಯ ಸಲ ಫೋನ್ ಮಾಡಿದಾಗ ದನಿ ಏರಿಸಿದ್ದೆ. ಆ ಹುಡುಗನಿಗೆ ಬೇಜಾರಾಗಿರುತ್ತದೆ.

ಸ್ಕ್ರೂಡ್ರೈವರ್ ಸರ್, ಹೌದು, ಆನ್ ಮಾಡಿದಾಗ ಕಪ್ಪು ತೆರೆಯಲ್ಲಿ ಎರಡು ಸಾಲು ಬರುತ್ತದೆ. ಚಾರ್ಜರ್ ಯಾವುದು ಅಂತ ಗುರುತಾಗಲಿಲ್ಲ ಅನ್ನುವ ಅರ್ಥದ್ದು. ಒಂದು ಕೀ ಒತ್ತಿದರೆ ಮುಂದೆ ಹೋಗುತ್ತದೆ. ತಿಂಗಳುಗಳಿಂದ ಒತ್ತಿ ಒತ್ತಿ ಅಭ್ಯಾಸ ಆಗಿಬಿಟ್ಟಿದೆ, ಓದುವುದನ್ನೇ ಬಿಟ್ಟಿದ್ದೆ. ಸಪೋರ್ಟಿನವರು ಕೇಳಲೂ ಇಲ್ಲ, ನಾನು ಹೇಳಲೂ ಇಲ್ಲ. ಬ್ಯಾಟರಿ ಸತ್ತಿದೆ ಅಂದುಕೊಂಡಿದ್ದೆ. ಪ್ಲಗ್ ತೆಗೆದರೆ ತಕ್ಷಣ ಆಫ್.

ಸ್ಕ್ರೂಡ್ರೈವರ್:
ಹೊಸದು ಕೊಳ್ಳುವುದನ್ನು ನಿಲ್ಲಿಸಿ! ಎರಡು ಕೆಲಸ ಮಾಡಿ.

ಒಂದು, ಚಾರ್ಜರ್ ತುದಿಯನ್ನು ಬೆಳಕಿಗೆ ಹಿಡಿದು ಒಳಗೆ ನೋಡಿ. ದುಂಡಗಿನ ಕೊಳವೆಯ ನಡುವೆ ಸೂಜಿಯಂಥ ತೆಳು ಪಿನ್ ಇದೆಯಾ? ನೆಟ್ಟಗೆ ಇದೆಯಾ, ಬಾಗಿದೆಯಾ, ಮುರಿದು ಹೋಗಿದೆಯಾ?

ಎರಡು, ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರ್ ತೆರೆಯಿರಿ. ಪರ್ಫಾರ್ಮೆನ್ಸ್, ಸಿಪಿಯು. ಸ್ಪೀಡ್ ಎಷ್ಟು ತೋರಿಸುತ್ತಿದೆ ಹೇಳಿ.

ಉಳಿದವರಿಗಾಗಿ ಬಿಡಿಸಿ ಹೇಳುತ್ತೇನೆ. ಡೆಲ್, ಎಚ್‌ಪಿ ಸೇರಿ ಕೆಲವು ಕಂಪನಿಗಳ ದುಂಡು ತುದಿಯ ಚಾರ್ಜರಿನಲ್ಲಿ ನಡುವಿನ ಪಿನ್ ಕರೆಂಟ್ ಸಾಗಿಸುವುದಲ್ಲ. ಅದು ಮಾತಾಡುವ ಪಿನ್. ಅದರ ಮೂಲಕ ಲ್ಯಾಪ್‌ಟಾಪಿಗೆ "ನಾನು 65 ವ್ಯಾಟಿನವನು" ಅಥವಾ "90 ವ್ಯಾಟಿನವನು" ಅಂತ ಗೊತ್ತಾಗುತ್ತದೆ. ಆ ಮಾತು ಕೇಳಿಸದೆ ಹೋದರೆ ಮಷೀನ್ ಹೆದರುತ್ತದೆ. ಚಿಕ್ಕ ಚಾರ್ಜರ್ ಇರಬಹುದು, ಜಾಸ್ತಿ ಎಳೆದರೆ ಬಿಸಿಯಾದೀತು ಅಂತ ಬ್ಯಾಟರಿ ಚಾರ್ಜ್ ಮಾಡುವುದನ್ನು ನಿಲ್ಲಿಸುತ್ತದೆ, ಪ್ರೊಸೆಸರನ್ನೂ ಹಗ್ಗ ಕಟ್ಟಿ ನಿಲ್ಲಿಸುತ್ತದೆ. ಕರೆಂಟ್ ಬರುತ್ತಲೇ ಇರುತ್ತದೆ, ಲೈಟ್ ಉರಿಯುತ್ತಲೇ ಇರುತ್ತದೆ. ನೋಡುವವರಿಗೆ ಮಷೀನ್ ಮುದಿಯಾಯಿತು ಅನ್ನಿಸುತ್ತದೆ. ಹಾಗೆ ಬಂದ ಎಷ್ಟೋ ಮಷೀನ್ ನನ್ನ ಮೇಜಿನ ಮೇಲೆ ಚಾರ್ಜರ್ ಬದಲಿಸಿದ ಕೂಡಲೇ ಎದ್ದು ಓಡಿವೆ.

ಅನುವಾದಕಿ:
ಸ್ಪೀಡ್ 0.79 ಗಿಗಾಹರ್ಟ್ಸ್ ಅಂತ ಇದೆ. ಹತ್ತು ನಿಮಿಷ ನೋಡಿದೆ, ಅಲ್ಲಾಡಲೇ ಇಲ್ಲ. ಪಿನ್ ಒಂದು ಪಕ್ಕಕ್ಕೆ ಒರಗಿದ ಹಾಗಿದೆ. ಮೊಬೈಲ್ ಕ್ಯಾಮೆರಾದಲ್ಲಿ ದೊಡ್ಡದು ಮಾಡಿ ನೋಡಿದ ಮೇಲೆ ಕಾಣಿಸಿತು.

ಸ್ಕ್ರೂಡ್ರೈವರ್:
ಅದೇ. ನೆಟ್ಟಗೆ ಮಾಡಲು ಹೋಗಬೇಡಿ, ಮುರಿದು ಜ್ಯಾಕಿನ ಒಳಗೆ ಸಿಕ್ಕಿಕೊಳ್ಳುತ್ತದೆ. ಅದೇ ಕಂಪನಿಯ, ಅದೇ ವ್ಯಾಟಿನ ಚಾರ್ಜರ್ ಯಾರ ಹತ್ತಿರವಾದರೂ ಒಂದು ದಿನಕ್ಕೆ ಕೇಳಿ ಹಾಕಿ ನೋಡಿ.

ನಿಧಾನವೇ_ಪ್ರಧಾನ:
ಚಾರ್ಜರ್ ಬರುವ ತನಕ ಇನ್ನೊಂದು ವಿಷಯ. ನಾನು ನಿವೃತ್ತ ಮೇಷ್ಟ್ರು. ಬೆರಳಿನ ಮೇಲೆ ಕಣ್ಣಿಲ್ಲದೆ ಟೈಪ್ ಮಾಡುವವನು. ಕೀಬೋರ್ಡಿನ ಮೇಲ್ತುದಿಯ ಎಫ್1ರಿಂದ ಎಫ್12ರ ಸಾಲಿನ ಕೀಗಳನ್ನು ಯಾಕೆ ಪದೇ ಪದೇ ಕೆಡಿಸುತ್ತಾರೆ ಅಂತ ನನಗೆ ಇವತ್ತಿಗೂ ಅರ್ಥ ಆಗಿಲ್ಲ. 2014ರಲ್ಲಿ ಲೆನೊವೊ ಎಕ್ಸ್1 ಕಾರ್ಬನ್‌ನಲ್ಲಿ ಆ ಸಾಲನ್ನು ತೆಗೆದು ಮುಟ್ಟುವ ಪಟ್ಟಿ ಮಾಡಿತು. ಬಳಸುವವರು ಗೋಳಾಡಿದರು, ಮುಂದಿನ ವರ್ಷ ಕೀ ವಾಪಸ್. 2016ರಲ್ಲಿ ಆಪಲ್ ಟಚ್ ಬಾರ್ ತಂದಿತು. ಎಸ್ಕೇಪ್ ಕೀ ಕೂಡ ಹೋಯಿತು. 2019ರ 16 ಇಂಚಿನ ಮ್ಯಾಕ್‌ಬುಕ್ ಪ್ರೊದಲ್ಲಿ ಎಸ್ಕೇಪ್ ಬಂತು, 2021ರಲ್ಲಿ ಇಡೀ ಸಾಲು ಬಂತು. ಇಷ್ಟೆಲ್ಲ ನೋಡಿಯೂ 2022ರಲ್ಲಿ ಡೆಲ್ ಎಕ್ಸ್‌ಪಿಎಸ್ 13 ಪ್ಲಸ್‌ನಲ್ಲಿ ಅದನ್ನೇ ಮಾಡಿತು! ಟಚ್‌ಪ್ಯಾಡ್ ಎಲ್ಲಿ ಶುರು, ಎಲ್ಲಿ ಮುಗಿತು ಅಂತಲೂ ಗೆರೆ ಇಲ್ಲ. 2026ರಲ್ಲಿ ವಾಪಸ್ ಬಂದ ಎಕ್ಸ್‌ಪಿಎಸ್‌ನಲ್ಲಿ ನಿಜವಾದ ಎಫ್ ಕೀಗಳಿವೆ. ಒಂದು ಕಂಪನಿಯ ಗ್ರಾಹಕರು ಅತ್ತಿದ್ದನ್ನು ಇನ್ನೊಂದು ಕಂಪನಿ ಕೇಳಿಸಿಕೊಂಡರೆ ಆಗಲ್ವಾ?

ಕಣ್ಣು ಕಾಣದ ನನ್ನ ಹಳೇ ವಿದ್ಯಾರ್ಥಿಯೊಬ್ಬ ಇದ್ದಾನೆ. ಎಫ್ ಮತ್ತು ಜೆ ಕೀ ಮೇಲಿನ ಚಿಕ್ಕ ಗೆರೆ ಸವರಿ ಕೈ ಇಡುತ್ತಾನೆ, ಅಲ್ಲಿಂದ ಎಣಿಸಿ ಮೇಲಕ್ಕೆ ಹೋಗುತ್ತಾನೆ. ಮೇಲೆ ಬರೀ ಗಾಜು ಇದ್ದರೆ ಅವನ ಬೆರಳು ಏನು ಹಿಡಿಯಬೇಕು?

ಆಫೀಸ್_ಐಟಿ:
ಮೇಷ್ಟ್ರೇ, ನೂರಕ್ಕೆ ನೂರು. ಕ್ಯಾಮೆರಾ ಕಥೆಯೂ ಹಾಗೇ. 2015ರ ಎಕ್ಸ್‌ಪಿಎಸ್ 13ರಲ್ಲಿ ತೆರೆಯ ಅಂಚು ಸಣ್ಣದು ಮಾಡಲು ಕ್ಯಾಮೆರಾವನ್ನು ಕೆಳಗೆ ಇಟ್ಟರು. ಮೀಟಿಂಗಿನಲ್ಲಿ ಎಲ್ಲರಿಗೂ ನಮ್ಮ ಮೂಗಿನ ಹೊಳ್ಳೆ ದರ್ಶನ. 2019ರಲ್ಲಿ ಮೇಲಕ್ಕೆ ತಂದರು. ನಾಲ್ಕು ವರ್ಷ ಬೇಕಾಯಿತು.

ಇನ್ನೊಂದು ನೋವಿದೆ, ಅದು ಯಾವುದೋ ಒಂದು ಕಂಪನಿಯದಲ್ಲ. ಹೊಸ ಲ್ಯಾಪ್‌ಟಾಪ್ ಮುಚ್ಚಿ ಬ್ಯಾಗಿಗೆ ಹಾಕುತ್ತೀರಿ. ಒಂದು ಗಂಟೆ ಬಿಟ್ಟು ತೆಗೆದರೆ ಕಾದ ಹಂಚು! ಬ್ಯಾಟರಿ ಅರ್ಧ ಖಾಲಿ. ಹಳೇ ಪದ್ಧತಿಯ ನಿದ್ರೆಯಲ್ಲಿ ಮಷೀನ್ ಪೂರ್ತಿ ಮಲಗುತ್ತಿತ್ತು, ರ‍್ಯಾಮಿಗೆ ಮಾತ್ರ ಕರೆಂಟ್. ಈಗಿನ ಮಾಡರ್ನ್ ಸ್ಟ್ಯಾಂಡ್‌ಬೈನಲ್ಲಿ ಮೊಬೈಲ್ ಥರ ಅರೆನಿದ್ರೆ. ಮೇಲ್ ಬಂತಾ, ಅಪ್‌ಡೇಟ್ ಬಂತಾ ಅಂತ ಎದ್ದೆದ್ದು ನೋಡುತ್ತಿರುತ್ತದೆ. ಯಾವುದೋ ಒಂದು ಡ್ರೈವರ್ ಸರಿಯಿಲ್ಲ ಅಂದರೆ ಬ್ಯಾಗಿನೊಳಗೆ ಎಚ್ಚರವಾಗೇ ಇರುತ್ತದೆ. ಎಷ್ಟೋ ಹೊಸ ಮಾದರಿಗಳಲ್ಲಿ ಹಳೇ ನಿದ್ರೆಯ ಆಯ್ಕೆಯನ್ನೇ ತೆಗೆದಿದ್ದಾರೆ. ನಮ್ಮ ಆಫೀಸಿನಲ್ಲಿ ಮುಚ್ಚಿದರೆ ಹೈಬರ್ನೇಟ್ (ಕೆಲಸವನ್ನು ಡಿಸ್ಕಿನಲ್ಲಿ ಉಳಿಸಿ ಪೂರ್ತಿ ಆಫ್) ಆಗುವ ಹಾಗೆ ಎಲ್ಲ ಮಷೀನಿಗೂ ಬದಲಿಸಿದ್ದೇನೆ. ಏಳಲು ಸ್ವಲ್ಪ ತಡ, ಆದರೆ ತಣ್ಣಗಿರುತ್ತದೆ.

ಪೆಂಗ್ವಿನ್_ಗೆಳೆಯ:
ಲಿನಕ್ಸ್ ಬಳಸುವವರಿಗೆ ಈ ನಿದ್ರೆಯ ಕಾಟ ಇನ್ನೂ ಜಾಸ್ತಿ. ಇದೊಂದರಲ್ಲಿ ನಾನು ಸಮರ್ಥನೆ ಮಾಡಲ್ಲ. ಹಳೇ ನಿದ್ರೆಗೆ ಬಯಾಸ್‌ನಲ್ಲಿ ಒಂದು ಸ್ವಿಚ್ ಇಡಿ ಅಂತ ನಾವು ವರ್ಷಗಳಿಂದ ಕೇಳುತ್ತಿದ್ದೇವೆ. ಕೆಲವು ಥಿಂಕ್‌ಪ್ಯಾಡ್‌ಗಳಲ್ಲಿ ಲೆನೊವೊ ಅದನ್ನು ಇಟ್ಟಿತ್ತು, ನಿದ್ರೆಯ ಬಗೆ ವಿಂಡೋಸಾ ಲಿನಕ್ಸಾ ಅಂತ.

ಗುಪ್ತಪದ:
ಹಾಗೇ ವಿಂಡೋಸ್ 10. 2025ರ ಅಕ್ಟೋಬರ್ 14ಕ್ಕೆ ಅದರ ಮಾಮೂಲಿ ಬೆಂಬಲ ಮುಗಿಯಿತು. ವಿಂಡೋಸ್ 11ಕ್ಕೆ ಟಿಪಿಎಂ 2.0 ಅನ್ನುವ ಸುರಕ್ಷತಾ ಚಿಪ್ ಮತ್ತು ಸ್ವಲ್ಪ ಹೊಸ ಪ್ರೊಸೆಸರ್ ಬೇಕು. ಚೆನ್ನಾಗಿ ಓಡುವ ಎಷ್ಟೋ ಮಷೀನ್ ಮೂಲೆ ಸೇರಿದವು. ಅನುವಾದಕಿ ಅವರೇ, ನಿಮ್ಮದು ಐದು ವರ್ಷದ್ದು ಅಂದರೆ ಬಹುತೇಕ 11ಕ್ಕೆ ಹೊಂದುತ್ತದೆ. ಚಾರ್ಜರ್ ಸರಿಯಾದ ಮೇಲೆ ನೋಡಿ. ಇನ್ನೂ ನಾಲ್ಕು ವರ್ಷ ಬಾಳುವ ಮಷೀನನ್ನು ಒಂದು ಪಿನ್‌ಗಾಗಿ ಬಿಸಾಡುವುದು ಬೇಡ.

ಅನುವಾದಕಿ:
ಎಲ್ಲರಿಗೂ ಕೈಮುಗಿದೆ. ಗೆಳತಿಯ ಚಾರ್ಜರ್ ತಂದು ಹಾಕಿದೆ. ಅದೇ ಕಂಪನಿ, ಅದೇ 65 ವ್ಯಾಟ್. ಆನ್ ಮಾಡಿದೆ, ಆ ಎರಡು ಸಾಲು ಬರಲೇ ಇಲ್ಲ. ಅಭ್ಯಾಸಕ್ಕೆ ಬೆರಳು ಕೀ ಮೇಲೆ ಹೋಗಿತ್ತು, ಒತ್ತುವುದಕ್ಕೆ ಏನೂ ಇರಲಿಲ್ಲ. ಬ್ಯಾಟರಿ ಲೈಟ್ ಹೊತ್ತಿಕೊಂಡಿತು. ಟಾಸ್ಕ್ ಮ್ಯಾನೇಜರಿನಲ್ಲಿ 2.4, 3.1, ಮತ್ತೆ 1.8, ಹೀಗೆ ಕುಣಿಯುತ್ತಿದೆ. ನಾಲ್ಕುನೂರು ಪುಟದ ಕಡತ ತೆರೆದು ಕೊನೆ ಪುಟಕ್ಕೆ ಹಾರಿದೆ. ಹಾರಿತು! ನನಗೆ ಕಣ್ಣಲ್ಲಿ ನೀರು ಬಂತು. ಆರು ತಿಂಗಳು, ದಿನಕ್ಕೆ ಎಷ್ಟು ಗಂಟೆ ಸುಮ್ನೆ ಕಾದು ಕೂತಿದ್ದೆ.

ಹೊಸ ಚಾರ್ಜರಿಗೆ ಹೇಳಿದ್ದೇನೆ. ಲ್ಯಾಪ್‌ಟಾಪ್ ಕೊಳ್ಳುವುದು ಸದ್ಯಕ್ಕಿಲ್ಲ.

ಇವತ್ತು ಆ ಕಂಪನಿಗೆ ಒಂದು ಮೇಲ್ ಬರೆದೆ. ನಾಲ್ಕು ಕೇಸ್ ನಂಬರೂ ಹಾಕಿದೆ. ಕೇಳಿದ್ದು ಎರಡೇ. ಒಂದು, ಆ ಸಂದೇಶದಲ್ಲಿ "ಚಾರ್ಜರ್ ಬದಲಿಸುವ ತನಕ ಮಷೀನ್ ನಿಧಾನ ಇರುತ್ತದೆ, ಬ್ಯಾಟರಿ ಚಾರ್ಜ್ ಆಗಲ್ಲ" ಅಂತ ಒಂದು ಸಾಲು ಸೇರಿಸಿ, ಅದನ್ನು ವಿಂಡೋಸ್ ಒಳಗೂ ತೋರಿಸಿ. ಇಷ್ಟೊಂದು ಸಹಾಯಕ ಸಾಫ್ಟ್‌ವೇರ್ ತುಂಬಿದ್ದೀರಿ, ಅದರಲ್ಲಿ ಒಂದಾದರೂ ಇದನ್ನು ಹೇಳಲಿ. ಎರಡು, ಯಾರಾದರೂ "ನಿಧಾನ" ಅಂದಾಗ ನಿಮ್ಮ ಪಟ್ಟಿಯ ಮೊದಲ ಪ್ರಶ್ನೆ "ಆನ್ ಮಾಡಿದಾಗ ಏನಾದರೂ ಸಂದೇಶ ಬರುತ್ತಾ?" ಅಂತ ಇರಲಿ. ಕೊನೆಗೆ, ನಾಲ್ಕನೆಯ ಕರೆಯಲ್ಲಿ ಮಾತಾಡಿದ ಹುಡುಗನಿಗೆ ನನ್ನ ಕಡೆಯಿಂದ ಕ್ಷಮೆ ಹೇಳಿ ಅಂತಲೂ ಬರೆದೆ.

ಫೋನ್_ಕೂತಿದ್ದೆ:
ಆ ಕೊನೆಯ ಸಾಲನ್ನು ಅವನಿಗೆ ಯಾರಾದರೂ ತೋರಿಸಲಿ. ನಮಗೆ ಅಂಥ ಮೇಲ್ ಬಂದರೆ ಪ್ರಿಂಟ್ ತೆಗೆದು ಗೋಡೆಗೆ ಅಂಟಿಸುತ್ತಿದ್ದೆವು.

ಸ್ಕ್ರೂಡ್ರೈವರ್:
ಹೊಸ ಚಾರ್ಜರ್ ಬಂದ ಮೇಲೆ ಲ್ಯಾಪ್‌ಟಾಪ್ ಬಲಕ್ಕೋ ಎಡಕ್ಕೋ ತಿರುಗಿಸುವಾಗ ಪ್ಲಗ್ ತೆಗೆದು ತಿರುಗಿಸಿ. ಆ ಪಿನ್ ಬಾಗುವುದು ಹೆಚ್ಚಾಗಿ ಅಲ್ಲೇ. ಹಳೇ ಚಾರ್ಜರ್ ಮೇಲೆ "ಕೆಟ್ಟಿದೆ" ಅಂತ ಬರೆದು ಚೀಟಿ ಅಂಟಿಸಿ. ಇಲ್ಲ ಅಂದರೆ ಮನೆಯಲ್ಲಿ ಯಾರಾದರೂ ಮತ್ತೆ ಅದನ್ನೇ ಚುಚ್ಚುತ್ತಾರೆ.